ಏಳನೆಯ ಗಂಟು

ಪುಂತಾ ಅರೇನಾಸ್‌ನಲ್ಲಿ ಗಾಳಿಗೆ ರಜೆಯಿಲ್ಲ.
ಅಂಗಳ ದಾಟುವಷ್ಟರಲ್ಲಿ
ಒಬ್ಬನ ಟೋಪಿ, ಇನ್ನೊಬ್ಬನ ಕೂಗು
ಎರಡೂ ಜಲಸಂಧಿಯ ಪಾಲು.
ಅದಕ್ಕೇ ಗೇಟಿನಿಂದ ತರಗತಿಯ ತನಕ ಹಗ್ಗ ಕಟ್ಟಿದ್ದೆ,
ಸೊಂಟದೆತ್ತರಕ್ಕೆ.
ನನ್ನ ಸೊಂಟವಲ್ಲ, ಎಂಟು ವರ್ಷದವರದು.

ನಾನು ಬೆಲಿಸಾರಿಯೊ.
ಈ ಶಾಲೆಯ ಬೀಗ, ಬಾಯ್ಲರು, ಒಡೆದ ಗಾಜು ಎಲ್ಲ ನನ್ನ ಸುಪರ್ದಿ.
ಮುಂಚೆ ಏಡಿ ಹಿಡಿಯುವ ದೋಣಿಯಲ್ಲಿದ್ದೆ, ಇಪ್ಪತ್ತಾರು ವರ್ಷ.
ಬಲೆ ಬಿಟ್ಟ ಕೈಗೆ ಸುಮ್ಮನಿರಲು ಬರುವುದಿಲ್ಲ,
ನುಣುಪು ಹಗ್ಗ ಕಂಡರೆ ಗಂಟು ಹಾಕುತ್ತದೆ.

ಒಂಟಿ ಗಂಟು ಬಂದರೆ ಮೆಟ್ಟಿಲು, ಕಾಲೆತ್ತು.
ಜೋಡಿ ಗಂಟಿಗೆ ತಿರುಗು.
ಉಣ್ಣೆ ಸುತ್ತಿದ ಕಡೆ ನಿಲ್ಲಬಹುದು,
ಬೇಗ ಬಾ ಅಂತ ಯಾರೂ ಅನ್ನುವುದಿಲ್ಲ.

ಮಿಯಾರಾಯ್ ಉಣ್ಣೆಗೆ ಕೆನ್ನೆ ಒತ್ತಿ ನಿಲ್ಲುತ್ತಾಳೆ,
ಒಮ್ಮೊಮ್ಮೆ ಮೊದಲ ಪಾಠ ಮುಗಿಯುವ ತನಕ.
ಗಾಲಿಕುರ್ಚಿಯ ಫೆರ್ಮಿನ್ ಹಗ್ಗವನ್ನೇ ಜಗ್ಗಿ ಜಗ್ಗಿ
ತನ್ನನ್ನು ತಾನೇ ದಡಕ್ಕೆಳೆದುಕೊಳ್ಳುತ್ತಾನೆ,
ದೂಡಲು ಹೋದವರಿಗೆ ಬೈಗುಳ ಗ್ಯಾರಂಟಿ.
ಎಲೀಸಿಯೊಗೆ ಮಾತಿಲ್ಲ.
ಏಳನೆಯ ಗಂಟು ಸಿಕ್ಕಿದಾಗ ಮಾತ್ರ ಒಂದು ‘ಹೂಂ’.

ಏಳನೆಯದಕ್ಕೆ ಅರ್ಥವೇ ಇರಲಿಲ್ಲ, ಕೈತಪ್ಪಿ ಬಿದ್ದದ್ದು.
ಬಿಚ್ಚಲು ಹೋದೆ ಒಂದು ದಿನ.
ನನ್ನ ತೋಳಿಗೆ ಹಲ್ಲು ಊರಿದ.
ಅಂಗಿ ಹರಿಯಿತು, ಗಂಟು ಉಳಿಯಿತು.

ಆಮೇಲೆ ಮೇ ತಿಂಗಳಲ್ಲಿ ಕಚೇರಿಯಿಂದ ಇಬ್ಬರು ಬಂದರು.
ಅಳತೆ ಟೇಪು ಹಿಡಿದು ಅಂಗಳವೆಲ್ಲ ನಡೆದರು.
ಹಗ್ಗ ನಿಯಮದಲ್ಲಿಲ್ಲವಂತೆ, ಉಕ್ಕಿನ ಕಂಬಿ ಬರುತ್ತದಂತೆ.
ಓದಿ ಸಹಿ ಮಾಡಿ ಅಂತ ಕಾಗದ ಚಾಚಿದರು.
‘ಕನ್ನಡಕ ಮನೆಯಲ್ಲೇ ಬಿಟ್ಟುಬಂದೆ’ ಅಂದೆ.
ಐವತ್ತು ವರ್ಷದಿಂದ ಅದು ಮನೆಯಲ್ಲೇ ಇದೆ.
ಆ ಮನೆಯಲ್ಲಿ ಕನ್ನಡಕ ಎಂಬುದೇ ಇಲ್ಲ.

ಕಂಬಿ ಬಂತು. ಹೊಳೆಯುತ್ತಿತ್ತು, ಕೊರೆಯುತ್ತಿತ್ತು.
ಎಲೀಸಿಯೊ ಕೊನೆಯ ತನಕ ಕೈ ಸವರುತ್ತ ಹೋದ,
ಹಿಂದಿರುಗಿ ಗೇಟಿಗೆ ಬಂದ,
ಮತ್ತೆ ಹೋದ.
ಗಂಟೆ ಹೊಡೆಯಿತು, ಹಾಲು ಹಂಚಿದ್ದಾಯಿತು,
ಅವನು ಇನ್ನೂ ಹುಡುಕುತ್ತಲೇ ಇದ್ದ,
ಬೆರಳ ತುದಿಗಳು ಕೆಂಪಾಗಿದ್ದವು.

ಅವತ್ತೇ ನಾನು ಒಳಗೆ ಗಾಜಿಗೆ ಮೆತ್ತುತ್ತಿದ್ದೆ.
ಟೀಚರು ಯೆರ್ಕಾ ಒಬ್ಬ ತಾಯಿಗೆ ಹೇಳುತ್ತಿದ್ದರು:
‘ಸೋಮಾರಿತನ ಅಲ್ಲಮ್ಮ. ಕೆಲವರ ಕಣ್ಣೆದುರು
ಅಕ್ಷರ ನಿಂತಲ್ಲಿ ನಿಲ್ಲುವುದಿಲ್ಲ.
ಒಂದು ಕೋಲು, ಒಂದು ಹೊಟ್ಟೆ.
ಹೊಟ್ಟೆ ಎಡಕ್ಕಿದ್ದರೆ ಒಂದಕ್ಷರ, ಬಲಕ್ಕಿದ್ದರೆ ಇನ್ನೊಂದು.
ಇವನಿಗದು ಮೀನಿನಂತೆ ಹೊರಳುತ್ತದೆ.’

ಮೆತ್ತು ಕೈಯಲ್ಲೇ ಒಣಗಿತು.
ಮೂರನೇ ತರಗತಿ. ಮೇಷ್ಟ್ರ ರೂಲುದೊಣ್ಣೆ.
ನನ್ನ ತಂಗಿಯೂ ನಕ್ಕಿದ್ದಳು, ಪಾಪ, ಅವಳಿಗೇನು ಗೊತ್ತು.
ಮರುವಾರವೇ ಅಪ್ಪ ದೋಣಿ ಹತ್ತಿಸಿದ.
ಕಡಲಲ್ಲಿ ಯಾರೂ ಓದು ಅನ್ನಲಿಲ್ಲ,
ಕತ್ತಲಲ್ಲೂ ಗಂಟುಗಳು ತಿರುಗಿ ಬೀಳುತ್ತಿರಲಿಲ್ಲ.

ಆ ರಾತ್ರಿ ಬಾಯ್ಲರು ಆರಿಸಿ,
ಹಳೆಯ ಹಗ್ಗವನ್ನು ತುಂಡು ತುಂಡು ಮಾಡಿ
ಉಕ್ಕಿಗೆ ಬಿಗಿದೆ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು.
ಮೊದಲು ಏಳನೆಯದು.
ಮೆಟ್ಟಿಲು, ತಿರುವು, ಉಣ್ಣೆ ಎಲ್ಲ ಆಮೇಲೆ.
ನಿಯಮದಲ್ಲಿ ಏನಿದೆಯೋ, ಓದಿದವರು ಹೇಳಲಿ.

ಬೆಳಿಗ್ಗೆ ಕಾದೆ. ಎಲೀಸಿಯೊ ಬರಲಿಲ್ಲ.
ಜ್ವರ ಅಂದಳು ಅವನ ಅಜ್ಜಿ ಫೋನಿನಲ್ಲಿ.
ಮಿಯಾರಾಯ್ ಮಾತ್ರ ಹೊಸ ಉಣ್ಣೆಯನ್ನು ಮೂಸಿ ನೋಡಿ,
ಮುಖ ಕಿವಿಚಿ, ಆಮೇಲೆ ಕೆನ್ನೆ ಇಟ್ಟಳು.

ಯೆರ್ಕಾ ಗಂಟುಗಳನ್ನು ಒಂದೊಂದಾಗಿ ಮುಟ್ಟುತ್ತ ಬಂದರು.
ಏನೂ ಕೇಳಲಿಲ್ಲ.
‘ಬುಧವಾರ ಮಕ್ಕಳು ಹೋದ ಮೇಲೆ ಬನ್ನಿ.
ಮರಳಿನ ತಟ್ಟೆ ಇದೆ, ಬೆರಳಲ್ಲೇ ಬರೆಯುವುದು’ ಅಂದರು.
ನಾಲ್ಕು ಹೆಜ್ಜೆ ಹೋಗಿ, ಗಾಳಿಗೆ ಬೆನ್ನು ಕೊಟ್ಟು ನಿಂತು,
‘ಕನ್ನಡಕ ಬೇಕಾಗಿಲ್ಲ.’

ಇವತ್ತು ಮಂಗಳವಾರ.
ಉಗುರಿನ ಸಂದಿಯ ಗ್ರೀಸು ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ.